ಹೊಸಬರನ್ನು ಗುರುತಿಸುವ ಗಣಕಯಂತ್ರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ಬಸವೇಶ್ವರನಗರಗಳಿಗೆ ಹೊಂದಿಕೊಂಡಂತೆ ಕುರುಬರಹಳ್ಳಿ ಎಂಬ ಪ್ರದೇಶವಿದೆ. ನಗರವು ಬೆಳೆದು ನಾಲ್ಕೂ ದಿಕ್ಕಿಗೆ ಹಬ್ಬಿದಾಗ ಅಲ್ಲಿ ಹೊಲಗಳು ಹೋಗಿ ಬೀದಿಗಳು ಬಂದವು. ಹಳ್ಳಿ ಎಂಬುದು ಹೆಸರಿನಲ್ಲಿ ಮಾತ್ರ ಉಳಿಯಿತು. ಆದರೂ ಆ ಹೆಸರು ಒಂದು ಹಳೆಯ ಜೀವನಕ್ರಮವನ್ನು ನೆನಪಿಗೆ ತರುತ್ತದೆ. ನಮ್ಮ ನಾಡಿನ ಹಳ್ಳಿಗಳಲ್ಲಿ ಹೊಸದಾಗಿ ಬಂದುದನ್ನು ತಿಳಿದುಕೊಳ್ಳುವ ಎರಡು ಬಗೆಗಳಿದ್ದವು. ಊರಿಗೆ ಅಪರಿಚಿತನೊಬ್ಬನು ಬಂದರೆ ತಳವಾರನು ಅವನನ್ನು ತಡೆದು, ಯಾರು, ಎಲ್ಲಿಂದ ಬಂದವರು, ಏನು ಕೆಲಸ ಎಂದು ವಿಚಾರಿಸುತ್ತಿದ್ದನು. ಬಳಿಕ ಪಟೇಲನಿಗೆ ಸುದ್ದಿ ಮುಟ್ಟಿಸುತ್ತಿದ್ದನು. ಕುರುಬನ ರೀತಿ ಬೇರೆ. ಮಂದೆಯೊಳಗೆ ಬಂದು ಸೇರಿದ ಅನ್ಯರ ಕುರಿ ತಾನಾಗಿ ಹೆಸರು ಹೇಳುವುದಿಲ್ಲ. ಆದುದರಿಂದ ಅವನು ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡುವಾಗ ಒಂದೊಂದನ್ನೂ ಎಣಿಸಿ, ಹೆಚ್ಚಿಗೆ ಬಂದದ್ದು ಯಾವುದೆಂದು ಕಂಡುಹಿಡಿಯುತ್ತಿದ್ದನು. ಬಂದವನು ಬಾಗಿಲು ತಟ್ಟಿ ತಿಳಿಸುವುದು ಒಂದು ಕ್ರಮ. ಇರುವವನು ಎಣಿಸಿ ತಿಳಿಯುವುದು ಇನ್ನೊಂದು ಕ್ರಮ. ಇಂದಿನ ಗಣಕಯಂತ್ರವು ತನಗೆ ಹೊಸದಾಗಿ ಜೋಡಿಸಿದ ಸಂಗ್ರಹ ಸಾಧನವನ್ನು ಗುರುತಿಸುವುದೂ ಈ ಎರಡೇ ಕ್ರಮಗಳಿಂದ ಎಂಬುದು ಸೋಜಿಗದ ಸಂಗತಿ.

ಕುರುಬರಹಳ್ಳಿಯಂಥ ಬಡಾವಣೆಗಳ ಜೆರಾಕ್ಸ್ ಅಂಗಡಿಗಳಲ್ಲಿ ಈ ಕೆಲಸ ದಿನವೂ ನಡೆಯುತ್ತದೆ. ಕಾಲೇಜಿನ ಹುಡುಗಿಯೊಬ್ಬಳು ತನ್ನ ಪ್ರಬಂಧವನ್ನು ಪೆನ್ ಡ್ರೈವ್‌ನಲ್ಲಿ ತಂದು ಅಂಗಡಿಯವರ ಕೈಗೆ ಕೊಡುತ್ತಾಳೆ. ಅಂಗಡಿಯ ಗಣಕವು ಅದಾಗಲೇ ಬೇರೊಬ್ಬರ ಕಾಗದವನ್ನು ಮುದ್ರಿಸುತ್ತಿರುತ್ತದೆ. ಆ ಮುದ್ರಣ ನಿಲ್ಲುವುದಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವ ಅಗತ್ಯವೂ ಬೀಳುವುದಿಲ್ಲ. ಪೆನ್ ಡ್ರೈವನ್ನು ಸಿಕ್ಕಿಸಿದ ಎರಡು ಮೂರು ಸೆಕೆಂಡುಗಳಲ್ಲಿ ಪರದೆಯ ಮೇಲೆ ಹೊಸದೊಂದು ಗುರುತು ಮೂಡುತ್ತದೆ. ನೋಡುವವರಿಗೆ ಇದು ಬಲು ಸುಲಭವಾಗಿ ಕಾಣುತ್ತದೆ. ಆದರೆ ಓಡುತ್ತಿರುವ ಬಂಡಿಗೆ ಇನ್ನೊಂದು ಗಾಲಿಯನ್ನು ಜೋಡಿಸಿದಷ್ಟೇ ಕಷ್ಟದ ಕೆಲಸವಿದು. ಇದನ್ನು ಸಾಧಿಸಲು ಮನುಷ್ಯನಿಗೆ ಅನೇಕ ವರ್ಷಗಳು ಹಿಡಿದವು.

ಹಿಂದಿನ ಕಟ್ಟುಪಾಡು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕ ಕೇಂದ್ರವು 1970ರಲ್ಲಿ ಸ್ಥಾಪಿತವಾಯಿತು. ಆ ಕಾಲದ ದೊಡ್ಡ ಗಣಕಗಳು ಒಂದು ಕೋಣೆಯನ್ನೇ ತುಂಬಿಕೊಳ್ಳುತ್ತಿದ್ದವು. ಅಂಥ ಯಂತ್ರಕ್ಕೆ ಯಾವ ಯಾವ ಸಾಧನಗಳು ಜೋಡಣೆಯಾಗಿವೆ ಎಂಬ ಪಟ್ಟಿಯನ್ನು ತಂತ್ರಜ್ಞರು ಮೊದಲೇ ಸಿದ್ಧಪಡಿಸಿ ಅದರ ವ್ಯವಸ್ಥೆಯೊಳಗೆ ಸೇರಿಸಬೇಕಾಗಿತ್ತು. ಪಟ್ಟಿಯಲ್ಲಿ ಇಲ್ಲದುದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಮುಂದೆ ಮನೆ ಮತ್ತು ಕಚೇರಿಗಳಿಗೆ ಸಣ್ಣ ಗಣಕಗಳು ಬಂದವು. ಅವು ಹೊತ್ತಿಕೊಳ್ಳುವಾಗ ತಮ್ಮೊಳಗಿನ ಡಿಸ್ಕುಗಳನ್ನು ಒಮ್ಮೆ ಎಣಿಸಿಕೊಳ್ಳುತ್ತಿದ್ದವು. ಆಮೇಲೆ ಆರಿಸುವವರೆಗೂ ಆ ಎಣಿಕೆಯನ್ನೇ ನಂಬಿ ನಡೆಯುತ್ತಿದ್ದವು. ಹೊಸ ಡಿಸ್ಕನ್ನು ಸೇರಿಸಬೇಕಾದರೆ ವಿದ್ಯುತ್ತನ್ನು ಕಡಿದು, ಪೆಟ್ಟಿಗೆಯನ್ನು ಬಿಚ್ಚಿ, ತಂತಿಪಟ್ಟಿಯನ್ನು ಸಿಕ್ಕಿಸಿ, ಮತ್ತೆ ಮುಚ್ಚಿ ಹೊತ್ತಿಸಬೇಕಾಗಿತ್ತು. ಅವಸರಪಟ್ಟು ಓಡುತ್ತಿರುವ ಯಂತ್ರಕ್ಕೇ ಜೋಡಿಸಲು ಹೋದವರು ಡಿಸ್ಕನ್ನೋ ಯಂತ್ರವನ್ನೋ ಕೆಡಿಸಿಕೊಳ್ಳುವ ಸಂಭವವಿತ್ತು.

ಈ ತೊಡಕನ್ನು ನೀಗಲು ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್, ಕಾಂಪ್ಯಾಕ್ ಮೊದಲಾದ 7 ಕಂಪನಿಗಳು ಕೂಡಿ ಒಂದು ಸಮಾನ ನಿಯಮಾವಳಿಯನ್ನು ರೂಪಿಸಿದವು. ಅದರ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಪ್ರಕಟವಾಯಿತು. ಇಂದು ಎಲ್ಲರೂ ಬಲ್ಲ ಯುಎಸ್‌ಬಿ ಎಂಬುದು ಇದೇ. ಇದರ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದವರಲ್ಲಿ ಇಂಟೆಲ್ ಕಂಪನಿಯ ಅಜಯ್ ಭಟ್ ಒಬ್ಬರು. ಅವರು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ತೆರಳಿದ ಭಾರತೀಯರು. ಗಣಕದ ಒಳಮರ್ಮವನ್ನು ಅರಿಯದ ಸಾಮಾನ್ಯ ಗೃಹಸ್ಥನೂ ಗೋಡೆಗೆ ದೀಪದ ಪ್ಲಗ್ಗನ್ನು ಸಿಕ್ಕಿಸುವಷ್ಟು ಸುಲಭವಾಗಿ ಸಾಧನಗಳನ್ನು ಜೋಡಿಸುವಂತಾಗಬೇಕು ಎಂಬುದು ಈ ಪ್ರಯತ್ನದ ಗುರಿಯಾಗಿತ್ತು.

ಗುರಿ ಸರಳವಾಗಿದ್ದರೂ ದಾರಿ ಸರಳವಾಗಿರಲಿಲ್ಲ. 1998ರ ಏಪ್ರಿಲ್ 20ರಂದು ಅಮೆರಿಕದ ಷಿಕಾಗೋ ನಗರದ ಪ್ರದರ್ಶನವೊಂದರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಮುಖ್ಯಸ್ಥ ಬಿಲ್ ಗೇಟ್ಸ್ ಅವರು ವಿಂಡೋಸ್ 98 ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಸಭೆಗೆ ತೋರಿಸುತ್ತಿದ್ದರು. ಓಡುತ್ತಿರುವ ಯಂತ್ರಕ್ಕೆ ಚಿತ್ರಗಳನ್ನು ನಕಲಿಸುವ ಸ್ಕ್ಯಾನರೊಂದನ್ನು ಅವರ ಸಹಾಯಕರು ಜೋಡಿಸಿದರು. ಹೊಸ ಸಾಧನವನ್ನು ಯಂತ್ರವು ಹೇಗೆ ತಾನಾಗಿ ಗುರುತಿಸುತ್ತದೆ ಎಂಬುದನ್ನು ತೋರಿಸುವುದೇ ಉದ್ದೇಶ. ಆದರೆ ಆ ಕ್ಷಣದಲ್ಲಿಯೇ ಯಂತ್ರವು ಕುಸಿದು, ಪರದೆಯೆಲ್ಲ ನೀಲಿಬಣ್ಣಕ್ಕೆ ತಿರುಗಿತು. ಸಭೆ ನಕ್ಕಿತು. ವ್ಯವಸ್ಥೆಯನ್ನು ಇನ್ನೂ ಮಾರಾಟಕ್ಕೆ ಬಿಡದಿರುವುದಕ್ಕೆ ಇದೇ ಕಾರಣವೆಂದು ಹೇಳಿ ಗೇಟ್ಸ್ ಅವರೂ ನಕ್ಕರು. ಓಡುತ್ತಿರುವ ಯಂತ್ರವು ಹೊಸಬನನ್ನು ಬರಮಾಡಿಕೊಳ್ಳುವುದು ಎಷ್ಟು ನಾಜೂಕಿನ ಕೆಲಸವೆಂಬುದಕ್ಕೆ ಈ ಪ್ರಸಂಗವು ಸಾಕ್ಷಿಯಾಗಿದೆ.

ಬಾಗಿಲು ತಟ್ಟುವ ಬಗೆ

ಮೊದಲ ತಲೆಮಾರಿನ ಯುಎಸ್‌ಬಿ ಜೋಡಣೆಯಲ್ಲಿ 4 ತಂತಿಗಳಿರುತ್ತವೆ. ಎರಡು ವಿದ್ಯುತ್ತನ್ನು ಒಯ್ಯುತ್ತವೆ. ಉಳಿದೆರಡು ಮಾತುಕತೆಗೆ ಮೀಸಲು. ಈಚಿನ ಜೋಡಣೆಗಳಲ್ಲಿ ಇನ್ನಷ್ಟು ತಂತಿಗಳು ಸೇರಿವೆಯಾದರೂ ಈ ನಾಲ್ಕರ ಪಾತ್ರ ತಪ್ಪಿಲ್ಲ. ಪೆನ್ ಡ್ರೈವ್‌ನ ಲೋಹದ ಮೂತಿಯೊಳಗೆ ಕಣ್ಣಿಟ್ಟು ನೋಡಿದರೆ, ಅಂಚಿನ ಎರಡು ಪಟ್ಟಿಗಳು ನಡುವಿನ ಎರಡಕ್ಕಿಂತ ತುಸು ಉದ್ದವಾಗಿರುವುದು ಕಾಣುತ್ತದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಸಿಕ್ಕಿಸುವಾಗ ವಿದ್ಯುತ್ತಿನ ಪಟ್ಟಿಗಳು ಮೊದಲು ಮುಟ್ಟಲಿ, ಸಾಧನಕ್ಕೆ ಜೀವ ಬಂದ ಮೇಲೆ ಮಾತಿನ ಪಟ್ಟಿಗಳು ಮುಟ್ಟಲಿ ಎಂಬುದಕ್ಕಾಗಿ ಈ ಏರ್ಪಾಡು. ಕೀಳುವಾಗ ಕ್ರಮ ತಿರುಗಮುರುಗಾಗುತ್ತದೆ: ಮೊದಲು ಮಾತು ನಿಲ್ಲುತ್ತದೆ, ಅನಂತರ ವಿದ್ಯುತ್ತು ಹೋಗುತ್ತದೆ.

ಗಣಕದ ಕಡೆಯಲ್ಲಿ ಮಾತಿನ ತಂತಿಗಳೆರಡನ್ನೂ ತಲಾ 15,000 ಓಂ ರೋಧಕಗಳ ಮೂಲಕ ನೆಲಮಟ್ಟಕ್ಕೆ ಎಳೆದು ಇಟ್ಟಿರುತ್ತಾರೆ. ಏನನ್ನೂ ಸಿಕ್ಕಿಸದಿರುವಾಗ ಅವೆರಡರ ವೋಲ್ಟೇಜೂ ಸೊನ್ನೆಯಷ್ಟೇ. ಸಾಧನದ ಕಡೆಯಲ್ಲಿ ಮಾತ್ರ 1,500 ಓಂ ರೋಧಕವೊಂದು ಒಂದು ತಂತಿಯನ್ನು ಮೇಲಕ್ಕೆ ಎಳೆಯುತ್ತದೆ. ಚಿಕ್ಕ ರೋಧಕದ ಎಳೆತ ದೊಡ್ಡ ರೋಧಕದ ಎಳೆತಕ್ಕಿಂತ ಬಲವಾದುದು. ಆದುದರಿಂದ ಸಾಧನವನ್ನು ಸಿಕ್ಕಿಸಿದೊಡನೆ ಆ ತಂತಿಯ ವೋಲ್ಟೇಜು ಸುಮಾರು 3 ವೋಲ್ಟಿಗೆ ಏರುತ್ತದೆ. ಇದೇ ಬಾಗಿಲು ತಟ್ಟುವ ಸದ್ದು. ಎರಡು ತಂತಿಗಳಲ್ಲಿ ಯಾವುದು ಮೇಲೇರಿತು ಎಂಬುದರಿಂದ ಬಂದವನ ನಡಿಗೆಯೂ ತಿಳಿಯುತ್ತದೆ: ಒಂದು ಏರಿದರೆ ಮೌಸ್, ಕೀಲಿಮಣೆಗಳಂಥ ನಿಧಾನದ ಸಾಧನ, ಇನ್ನೊಂದು ಏರಿದರೆ ಪೆನ್ ಡ್ರೈವ್‌ನಂಥ ವೇಗದ ಸಾಧನ. ಒಂದಕ್ಷರ ಮಾತಾಡುವ ಮೊದಲೇ ಇಷ್ಟು ಸಂಗತಿ ಹೊರಬಿದ್ದಿರುತ್ತದೆ.

ಬಾಗಿಲಲ್ಲಿ ನಿಂತು ಈ ಸದ್ದನ್ನು ಕೇಳುವ ತಳವಾರನಿಗೆ ಹಬ್ ಎಂದು ಹೆಸರು. ತನ್ನ ಯಾವ ಕಿಂಡಿಯಲ್ಲಿ ಬದಲಾವಣೆಯಾಯಿತೆಂಬುದನ್ನು ಅದು ಗುರುತಿಟ್ಟುಕೊಂಡು ಗಣಕಕ್ಕೆ ವರದಿ ಮಾಡುತ್ತದೆ. ಗಣಕವು ಕೂಡಲೇ ಮಾತಿಗಿಳಿಯುವುದಿಲ್ಲ. ಕೈಯಿಂದ ಸಿಕ್ಕಿಸುವಾಗ ಪಟ್ಟಿಗಳು ಒಮ್ಮೆ ಮುಟ್ಟಿ, ಒಮ್ಮೆ ಬಿಟ್ಟು ಅದುರುತ್ತವೆ. ಅದು ನಿಲ್ಲುವವರೆಗೆ ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಕಾಲವಾದರೂ ಕಾಯಬೇಕೆಂದು ನಿಯಮವಿದೆ. ಬಳಿಕ ಗಣಕವು ಹೊಸ ಸಾಧನವನ್ನು ಆದಿಸ್ಥಿತಿಗೆ ತರುತ್ತದೆ. ಆಗ ಅದರ ವಿಳಾಸ ಸೊನ್ನೆ. ಹೊಸದಾಗಿ ಬಂದ ಯಾವ ಸಾಧನಕ್ಕಾದರೂ ಮೊದಲು ಇದೇ ವಿಳಾಸ. ಒಂದೇ ಹೊತ್ತಿನಲ್ಲಿ ಇಬ್ಬರು ಬಂದರೆ ಗೊಂದಲವಾಗದಿರಲೆಂದು, ಒಬ್ಬನ ವಿಚಾರಣೆ ಮುಗಿಯುವವರೆಗೆ ಇನ್ನೊಬ್ಬನನ್ನು ಹೊರಗೆ ನಿಲ್ಲಿಸಲಾಗುತ್ತದೆ. ವಿಚಾರಣೆಯ ನಡುವೆ ಸಾಧನಕ್ಕೆ 1ರಿಂದ 127ರೊಳಗಿನ ಒಂದು ಸಂಖ್ಯೆ ದೊರೆಯುತ್ತದೆ. ಅಲ್ಲಿಂದ ಮುಂದೆ ಅದನ್ನು ಆ ಸಂಖ್ಯೆಯಿಂದಲೇ ಕರೆಯಲಾಗುತ್ತದೆ.

ಯಾರು, ಎಲ್ಲಿಂದ, ಏನು ಕೆಲಸ?

ಈಗ ತಳವಾರನ ಪ್ರಶ್ನೆಗಳು ಬರುತ್ತವೆ. ಪ್ರತಿಯೊಂದು ಸಾಧನದೊಳಗೂ 18 ಬೈಟುಗಳ ಪರಿಚಯಪತ್ರವೊಂದನ್ನು ತಯಾರಕರು ಬರೆದಿಟ್ಟಿರುತ್ತಾರೆ. ಗಣಕವು ಕೇಳಿದಾಗ ಸಾಧನವು ಅದನ್ನು ಒಪ್ಪಿಸುತ್ತದೆ. ತಯಾರಿಸಿದ ಕಂಪನಿಯ ಸಂಖ್ಯೆ ಯಾವುದು, ಆ ಕಂಪನಿಯ ಯಾವ ಮಾದರಿ, ಯಾವ ಆವೃತ್ತಿ ಎಂಬ ವಿವರಗಳು ಅದರಲ್ಲಿರುತ್ತವೆ. ಇದನ್ನು ಅನುಸರಿಸಿ ಬರುವ ಇನ್ನೊಂದು ವಿವರಪತ್ರದಲ್ಲಿ ಸಾಧನಕ್ಕೆ ಎಷ್ಟು ವಿದ್ಯುತ್ತು ಬೇಕು, ಅದು ಯಾವ ವರ್ಗಕ್ಕೆ ಸೇರಿದ್ದು ಎಂಬುದು ತಿಳಿಯುತ್ತದೆ. ಕೀಲಿಮಣೆ, ಮೌಸ್‌ಗಳಿಗೆ ವರ್ಗಸಂಖ್ಯೆ 3, ಮುದ್ರಣಯಂತ್ರಕ್ಕೆ 7, ಸಂಗ್ರಹ ಸಾಧನಕ್ಕೆ 8. ಎಂಟು ಎಂಬ ಉತ್ತರ ಬಂದೊಡನೆ ಗಣಕವು ಸಂಗ್ರಹ ಸಾಧನಗಳೊಡನೆ ಮಾತಾಡಬಲ್ಲ ತಂತ್ರಾಂಶವನ್ನು ಕರೆದು ಆ ಸಾಧನದ ಹೊಣೆಯನ್ನು ಅದಕ್ಕೆ ಒಪ್ಪಿಸುತ್ತದೆ. ಡ್ರೈವರ್ ಎಂದು ಕರೆಯುವ ಈ ತಂತ್ರಾಂಶವು ಒಂದು ಬಗೆಯ ದುಭಾಷಿ. ಗಣಕದ ಮಾತನ್ನು ಸಾಧನಕ್ಕೂ ಸಾಧನದ ಮಾತನ್ನು ಗಣಕಕ್ಕೂ ಅದು ತಿಳಿಸಿಕೊಡುತ್ತದೆ.

ದುಭಾಷಿಯು ಮೊದಲು ಸಾಧನವು ಸಿದ್ಧವಾಗಿದೆಯೇ ಎಂದು ಕೇಳುತ್ತದೆ. ಆಮೇಲೆ ಅದರ ಹಿಡಿಸುವಿಕೆಯನ್ನು ಕೇಳುತ್ತದೆ. ಸಂಗ್ರಹ ಸಾಧನವು ತನ್ನ ಜಾಗವನ್ನು ಸಮನಾದ ತುಂಡುಗಳಾಗಿ ವಿಂಗಡಿಸಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದು ತುಂಡಿನ ಅಳತೆ 512 ಬೈಟು. ತನ್ನಲ್ಲಿ 6,25,00,000 ತುಂಡುಗಳಿವೆಯೆಂದು ಸಾಧನವು ಉತ್ತರ ಕೊಟ್ಟಿತೆನ್ನೋಣ. ಎರಡನ್ನೂ ಗುಣಿಸಿದರೆ 3,200 ಕೋಟಿ ಬೈಟುಗಳಾಗುತ್ತವೆ. ಅಂಗಡಿಯಲ್ಲಿ 32 ಜಿಬಿ ಎಂದು ಮಾರುವುದು ಇದನ್ನೇ. ಇದನ್ನು ಕೊಂಡು ತಂದವರು, ಪರದೆಯ ಮೇಲೆ 29.8 ಎಂದು ಕಂಡಾಗ ಮೋಸಹೋದೆವೆಂದು ಪೇಚಾಡುವುದುಂಟು. ಅಲ್ಲಿ ಮೋಸವಿಲ್ಲ. ತಯಾರಕರು 100 ಕೋಟಿ ಬೈಟುಗಳನ್ನು ಒಂದು ಜಿಬಿ ಎಂದು ಎಣಿಸುತ್ತಾರೆ. ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಗಳು 1024ನ್ನು ಮೂರು ಸಲ ಗುಣಿಸಿ ಬರುವ 107,37,41,824 ಬೈಟುಗಳನ್ನು ಒಂದು ಜಿಬಿ ಎಂದು ಎಣಿಸುತ್ತವೆ. ಧಾನ್ಯ ಅಷ್ಟೇ ಇದೆ; ಅಳೆಯುವ ಸೇರು ದೊಡ್ಡದು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಕಪಾಟು ಸಿಕ್ಕಿತು, ಆದರೆ ಅದರೊಳಗೆ ಪುಸ್ತಕಗಳನ್ನು ಹೇಗೆ ಜೋಡಿಸಿದ್ದಾರೆಂಬುದು ಇನ್ನೂ ತಿಳಿಯದು. ಗಣಕವು ಮೊದಲ ತುಂಡುಗಳನ್ನು ಓದಿ, ಸಾಧನವನ್ನು ಎಷ್ಟು ವಿಭಾಗಗಳಾಗಿ ಮಾಡಲಾಗಿದೆ, ಪ್ರತಿ ವಿಭಾಗದಲ್ಲಿ ಕಡತಗಳನ್ನು ಯಾವ ಪದ್ಧತಿಯಂತೆ ಬರೆದಿಡಲಾಗಿದೆ ಎಂಬುದನ್ನು ಅರಿತುಕೊಳ್ಳುತ್ತದೆ. ಆ ಪದ್ಧತಿ ತನಗೆ ಗೊತ್ತಿರುವುದಾದರೆ ವಿಭಾಗವನ್ನು ತನ್ನ ಕಡತಗಳ ವೃಕ್ಷಕ್ಕೆ ಒಂದು ಕೊಂಬೆಯಂತೆ ಸೇರಿಸಿಕೊಳ್ಳುತ್ತದೆ. ಪರದೆಯ ಮೇಲೆ ಗುರುತು ಮೂಡುವುದು ಆಗಲೇ.

ಈ ಕ್ರಮವನ್ನು ತಿಳಿದವನಿಗೆ ಒಂದು ದೊಡ್ಡ ಪ್ರಯೋಜನವುಂಟು. ಪೆನ್ ಡ್ರೈವ್ ಕಾಣಿಸದಿದ್ದಾಗ ಅದು ಹಾಳಾಯಿತೆಂದು ಅವನು ಎಸೆಯುವುದಿಲ್ಲ. ಯಾವ ಮೆಟ್ಟಿಲಿನಲ್ಲಿ ಕೆಲಸ ನಿಂತಿತೆಂದು ವಿಚಾರ ಮಾಡುತ್ತಾನೆ. ದೀಪವೇ ಹೊತ್ತಲಿಲ್ಲವೆಂದರೆ ವಿದ್ಯುತ್ತು ಮುಟ್ಟಿಲ್ಲದಿರಬಹುದು. ದೀಪ ಹೊತ್ತಿಯೂ ಗಣಕಕ್ಕೆ ಸುಳಿವೇ ಸಿಗದಿದ್ದರೆ ಮಾತಿನ ತಂತಿಯಲ್ಲಿ ದೋಷವಿರಬಹುದು. ಹಿಡಿಸುವಿಕೆ ಗೊತ್ತಾಗಿಯೂ ಕಡತಗಳು ಕಾಣದಿದ್ದರೆ ಕಪಾಟು ಸರಿಯಾಗಿದೆ, ಅದರ ಪಟ್ಟಿ ಕೆಟ್ಟಿದೆ ಎಂದು ಭಾವಿಸಬೇಕು. ಆಗ ‘ಫಾರ್ಮ್ಯಾಟ್ ಮಾಡಲೇ’ ಎಂದು ಗಣಕವು ಕೇಳುವುದುಂಟು. ಒಳಗೆ ಬೇಕಾದ ಬರಹವಿದ್ದರೆ ಆ ಪ್ರಶ್ನೆಗೆ ಹೌದು ಎನ್ನಬಾರದು. ಪಟ್ಟಿಯನ್ನು ಹೊಸದಾಗಿ ಬರೆದರೆ ಹಳೆಯ ಬರಹಗಳ ದಾರಿಯೇ ಅಳಿಸಿಹೋಗುತ್ತದೆ.

ಎಣಿಸಿ ತಿಳಿಯುವ ಬಗೆ

ಬೆಂಗಳೂರಿನಿಂದ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬ್ಯಾಲಾಳು ಎಂಬ ಗ್ರಾಮವಿದೆ. ಅಲ್ಲಿ ಇಸ್ರೋ ಸಂಸ್ಥೆಯ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಬೃಹತ್ ಆಂಟೆನಾಗಳಿವೆ. ಅವುಗಳ ಬಳಿಯಲ್ಲಿ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಿಂದ ಮೊದಲುಗೊಂಡು ಅನೇಕ ನೌಕೆಗಳು ಕಳುಹಿಸಿದ ಚಿತ್ರಗಳೂ ಅಳತೆಗಳೂ ಅಲ್ಲಿ ಸಂಗ್ರಹವಾಗಿವೆ. ಚಂದ್ರನ ಬಳಿಯಿಂದ ಬರುವ ಸಂದೇಶವು ಗಣಕದಲ್ಲಿ ಜಾಗವಿದೆಯೇ ಎಂದು ಕೇಳಿ ಬರುವುದಿಲ್ಲ. ಇಂಥ ಕೇಂದ್ರದಲ್ಲಿ ಹೊಸ ಡಿಸ್ಕನ್ನು ಸೇರಿಸುವುದಕ್ಕಾಗಿ ಯಂತ್ರಗಳನ್ನು ಆರಿಸಿ ಕುಳಿತರೆ ಆ ಹೊತ್ತಿನ ದತ್ತಾಂಶದ ಗತಿಯೇನು? ಆಸ್ಪತ್ರೆ, ಬ್ಯಾಂಕು, ರೈಲ್ವೆ ಕಾದಿರಿಸುವಿಕೆ ಮೊದಲಾದ ಎಡೆಗಳಲ್ಲಿಯೂ ಇದೇ ಮಾತು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ 2001ರ ಸುಮಾರಿಗೆ 67 ಲಕ್ಷದಷ್ಟು ಭೂಮಾಲೀಕರಿಗೆ ಸೇರಿದ, ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಸಾಲಕ್ಕೋ ವ್ಯಾಜ್ಯಕ್ಕೋ ಪಹಣಿ ಬೇಕಾಗಿ ದೂರದ ಊರಿನಿಂದ ಬಸ್ಸು ಹಿಡಿದು ಬಂದ ರೈತನು, ಯಂತ್ರ ನಿಂತಿದೆ ಎಂಬ ಮಾತು ಕೇಳಿ ಹಿಂದಿರುಗಿದರೆ ಅವನ ಒಂದು ದಿನದ ಕೂಲಿಯೂ ಹೋಯಿತು, ಕೆಲಸವೂ ಕೆಟ್ಟಿತು.

ಆದುದರಿಂದ ದೊಡ್ಡ ಸರ್ವರುಗಳಲ್ಲಿ ಓಡುತ್ತಿರುವಾಗಲೇ ಡಿಸ್ಕನ್ನು ಹೊರಗೆಳೆದು ಹೊಸದನ್ನು ತಳ್ಳುವ ಏರ್ಪಾಡು ಇರುತ್ತದೆ. ಹಲವು ಡಿಸ್ಕುಗಳು ಒಂದರ ಭಾರವನ್ನು ಒಂದು ಹೊರುವಂತೆ ಅವುಗಳನ್ನು ಜೋಡಿಸುವ ವಿಧಾನವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರ ತಮ್ಮ ಲೇಖನದಲ್ಲಿ ವಿವರಿಸಿದರು. ಹೀಗೆ ಜೋಡಿಸಿದಾಗ ಒಂದು ಡಿಸ್ಕು ಸತ್ತರೂ ಉಳಿದವುಗಳ ಬಲದಿಂದ ಕೆಲಸ ನಡೆಯುತ್ತದೆ. ಹೊಸ ಡಿಸ್ಕು ಬಂದೊಡನೆ ಕಳೆದುಹೋದ ಬರಹ ಅದರ ಮೇಲೆ ಮರುಹುಟ್ಟು ಪಡೆಯುತ್ತದೆ.

ಆದರೆ ಇಲ್ಲಿ ಒಂದು ವಿಶೇಷವುಂಟು. ದೊಡ್ಡ ಕೇಂದ್ರಗಳಲ್ಲಿ ಡಿಸ್ಕುಗಳು ಅನೇಕ ವೇಳೆ ಸರ್ವರಿನ ಒಳಗೆ ಇರುವುದೇ ಇಲ್ಲ. ಅವು ಬೇರೊಂದು ಉಗ್ರಾಣದಲ್ಲಿದ್ದು, ಜಾಲದ ಮೂಲಕ ಸರ್ವರಿಗೆ ಒದಗುತ್ತವೆ. ಉಗ್ರಾಣದ ಅಧಿಕಾರಿ ಇಂಥ ಸರ್ವರಿಗೆ ಇಷ್ಟು ಜಾಗ ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡರೆ ಆಯಿತು, ಜಾಗ ಸಂದಾಯವಾದಂತೆಯೇ. ಇಲ್ಲಿ ಯಾವ ತಂತಿಯನ್ನೂ ಹೊಸದಾಗಿ ಸಿಕ್ಕಿಸಿಲ್ಲ, ಯಾವ ವೋಲ್ಟೇಜೂ ಏರಿಲ್ಲ. ಬಾಗಿಲು ತಟ್ಟುವ ಸದ್ದು ಹುಟ್ಟದೇ ಹೋಗುವುದು ಸಾಮಾನ್ಯ. ಹೊಸಬನು ಒಳಗೇ ಬಂದು ನಿಂತಿದ್ದರೂ ಸರ್ವರಿಗೆ ಅದರ ಅರಿವಿರುವುದಿಲ್ಲ. ಆಗ ಕುರುಬನ ಎಣಿಕೆಯೇ ಗತಿ.

ಇಂಥ ಸರ್ವರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು 1991ರಲ್ಲಿ ಆರಂಭಿಸಿದನು. ಅದರಲ್ಲಿ ಪ್ರತಿಯೊಂದು ಡಿಸ್ಕು ಜೋಡಣೆಯ ದ್ವಾರಕ್ಕೂ ‘ಸ್ಕ್ಯಾನ್’ ಎಂಬ ಹೆಸರಿನ ಒಂದು ಕಡತವಿರುತ್ತದೆ. ಅದು ನಿಜವಾದ ಕಡತವಲ್ಲ. ಕಡತದ ರೂಪದಲ್ಲಿರುವ ಒಂದು ಕರೆಗಂಟೆ. ಸರ್ವರಿನ ಮೇಲ್ವಿಚಾರಕನು ಆ ಕಡತದೊಳಗೆ ಮೂರು ಅಡ್ಡಗೆರೆಗಳನ್ನು, ನಡುವೆ ಜಾಗ ಬಿಟ್ಟು, ಬರೆಯುತ್ತಾನೆ. ಮೊದಲ ಗೆರೆಯ ಸ್ಥಾನ ದಾರಿಗೆ, ಎರಡನೆಯದು ಆ ದಾರಿಯ ಸಾಧನಕ್ಕೆ, ಮೂರನೆಯದು ಆ ಸಾಧನದೊಳಗಿನ ವಿಭಾಗಸಂಖ್ಯೆಗೆ. ಸಂಖ್ಯೆಯ ಬದಲು ಗೆರೆಯನ್ನು ಎಳೆದರೆ ‘ಯಾವುದಾದರೂ ಸರಿ, ಎಲ್ಲವನ್ನೂ ನೋಡು’ ಎಂದು ಅರ್ಥ. ಗಂಟೆ ಬಾರಿಸಿದೊಡನೆ ಗಣಕದ ತಿರುಳಾದ ಕರ್ನಲ್ ಆ ದ್ವಾರದ ಪ್ರತಿ ಮನೆಯ ಮುಂದೆಯೂ ನಿಂತು ‘ಒಳಗೆ ಯಾರಿದ್ದೀರಿ?’ ಎಂದು ಕೇಳುತ್ತ ಹೋಗುತ್ತದೆ. ಹಳೆಯವರು ಉತ್ತರಿಸಿದರೆ ಸುಮ್ಮನೆ ಮುಂದೆ ಸಾಗುತ್ತದೆ. ಹೊಸಬನು ಉತ್ತರಿಸಿದರೆ ಅವನ ಹೆಸರನ್ನು ಪುಸ್ತಕಕ್ಕೆ ಏರಿಸುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗಲೂ ಅತ್ತ ಪಹಣಿ ಮುದ್ರಣವಾಗುತ್ತಲೇ ಇರುತ್ತದೆ.

ಹೆಸರು ಬೇರೆ, ಗುರುತು ಬೇರೆ

ಹೊಸ ಡಿಸ್ಕಿಗೆ ಲಿನಕ್ಸ್ ವ್ಯವಸ್ಥೆಯು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬ ಕ್ರಮದಲ್ಲಿ ಹೆಸರಿಡುತ್ತದೆ. ಕಂಡ ಸರದಿಗೆ ತಕ್ಕಂತೆ ಸಿಗುವ ಹೆಸರುಗಳಿವು, ಶಾಶ್ವತವಾದವುಗಳಲ್ಲ. ಇಂದು ಎಸ್‌ಡಿಬಿ ಎನಿಸಿಕೊಂಡ ಡಿಸ್ಕು, ಯಂತ್ರವನ್ನು ಮತ್ತೆ ಹೊತ್ತಿಸಿದಾಗ ಎಸ್‌ಡಿಸಿ ಆಗಬಹುದು. ಹೊಸ ಡಿಸ್ಕನ್ನು ಬಳಕೆಗೆ ತರುವ ಮುನ್ನ ಅದರ ಮೇಲೆ ಹೊಸ ಪಟ್ಟಿಯನ್ನು ಬರೆಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೇಲ್ವಿಚಾರಕನು ಸರದಿಯ ಹೆಸರನ್ನು ನಂಬಿ, ಹೊಸದೆಂದು ತಿಳಿದು ಹಳೆಯ ಡಿಸ್ಕಿನ ಮೇಲೆ ಪಟ್ಟಿ ಬರೆದನೆಂದರೆ, ವರ್ಷಗಳ ದುಡಿಮೆ ಕ್ಷಣಾರ್ಧದಲ್ಲಿ ಅಳಿಸಿಹೋಗುತ್ತದೆ. ಯಂತ್ರವು ಹಾಗೆ ಮಾಡಬೇಡ ಎನ್ನುವುದಿಲ್ಲ. ಹೇಳಿದ್ದನ್ನು ಮಾಡುವುದಷ್ಟೇ ಅದರ ಧರ್ಮ.

ಆದುದರಿಂದ ಬಲ್ಲವರು ಡಿಸ್ಕಿನ ಕ್ರಮಸಂಖ್ಯೆಯನ್ನೂ ಅದರ ಅಳತೆಯನ್ನೂ ಅದರಲ್ಲಿರುವ ಕಡತಪದ್ಧತಿಗೆ ಕೊಟ್ಟಿರುವ ಉದ್ದನೆಯ ಗುರುತುಸಂಖ್ಯೆಯನ್ನೂ ನೋಡುತ್ತಾರೆ. ಡಿಸ್ಕನ್ನು ಯಾವ ಕಿಂಡಿಗೆ ಸಿಕ್ಕಿಸಿದರೂ ಈ ಗುರುತುಗಳು ಬದಲಾಗುವುದಿಲ್ಲ. ಜಾತ್ರೆಯ ಸಾಲಿನಲ್ಲಿ ಮೂರನೆಯವನಾಗಿ ನಿಂತವನನ್ನು ‘ಮೂರನೆಯವನು’ ಎಂದು ಕರೆದರೆ, ಸಾಲು ಕದಲಿದಾಗ ಆ ಹೆಸರು ಇನ್ನೊಬ್ಬನಿಗೆ ಹೋಗುತ್ತದೆ. ನಿಂತ ಜಾಗವನ್ನು ನೋಡಿದರೆ ಸಾಲದು, ಮುಖವನ್ನು ನೋಡಬೇಕು.

ಗುರುತಿಸುವುದು ಬೇರೆ, ನಂಬುವುದು ಬೇರೆ

ಗಣಕವು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವವನು ಯಾರು? ಬಂದ ಸಾಧನವೇ. ಆ ಉತ್ತರ ದಿಟವೇ ಎಂದು ಪರೀಕ್ಷಿಸುವ ಸಾಧನ ಸಾಮಾನ್ಯ ಗಣಕಗಳಲ್ಲಿಲ್ಲ. ಇದನ್ನು ಜರ್ಮನಿಯ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಅವರ ಸಂಗಡಿಗರು 2014ರಲ್ಲಿ ಜಗತ್ತಿಗೆ ತೋರಿಸಿಕೊಟ್ಟರು. ಪೆನ್ ಡ್ರೈವ್‌ನ ಒಳಗಿನ ಬರಹವನ್ನು ತಿದ್ದಿದರೆ ಅದು ‘ನಾನು ಕೀಲಿಮಣೆ’ ಎಂದು ಹೇಳಿಕೊಳ್ಳಬಲ್ಲದು. ಗಣಕವು ಅದನ್ನು ನಂಬುತ್ತದೆ. ಆಮೇಲೆ ಆ ಸುಳ್ಳು ಕೀಲಿಮಣೆಯು ಒಡೆಯನೇ ಬೆರಳಚ್ಚು ಮಾಡಿದಂತೆ ಆಜ್ಞೆಗಳನ್ನು ಕಳುಹಿಸುತ್ತದೆ.

ಅದಕ್ಕೂ ಮೊದಲೇ ಇನ್ನೊಂದು ಪಾಠ ದೊರೆತಿತ್ತು. 2010ರಲ್ಲಿ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ತಂತ್ರಾಂಶವು ಪತ್ತೆಯಾಯಿತು. ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳು ಅದರ ಗುರಿಯಾಗಿದ್ದವು. ಹೊರಜಾಲದ ಸಂಪರ್ಕವಿಲ್ಲದ ಗಣಕಗಳಿಗೂ ಅದು ಪೆನ್ ಡ್ರೈವ್‌ಗಳ ಮೂಲಕ ದಾಟಬಲ್ಲದಾಗಿತ್ತು. ಅದರೊಳಗಿನ ಕಡತಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದರೇ ಸಾಕಾಗಿತ್ತು. ಹಿಂದೆ ವಿಂಡೋಸ್ ಗಣಕಗಳು ಪೆನ್ ಡ್ರೈವ್ ಬಂದೊಡನೆ ಅದರೊಳಗಿನ ಕಾರ್ಯಕ್ರಮವನ್ನು ತಾವಾಗಿ ಆರಂಭಿಸಲು ಅನುವು ಮಾಡಿಕೊಡುತ್ತಿದ್ದವು. ಬಂದವನಿಗೆ ಅಡುಗೆಮನೆಯ ಬೀಗದ ಕೈಯನ್ನೇ ಕೊಟ್ಟಂತಾಗುತ್ತಿದ್ದ ಈ ಸೌಲಭ್ಯವನ್ನು 2009ರ ವಿಂಡೋಸ್ 7ರಲ್ಲಿ ಕೈಬಿಡಲಾಯಿತು; 2011ರಲ್ಲಿ ಹಳೆಯ ಆವೃತ್ತಿಗಳಿಗೂ ಆ ತಿದ್ದುಪಡಿ ಬಂದಿತು.

ಇದರಿಂದ ವಿದ್ಯಾರ್ಥಿಗಳು ಕಲಿಯಬೇಕಾದುದು ಹೆಚ್ಚೇನಿಲ್ಲ. ದಾರಿಯಲ್ಲಿ ಬಿದ್ದು ಸಿಕ್ಕಿದ ಪೆನ್ ಡ್ರೈವನ್ನು ಕುತೂಹಲಕ್ಕಾಗಿ ಸಿಕ್ಕಿಸಬಾರದು. ಹತ್ತು ಜನರ ಪೆನ್ ಡ್ರೈವ್‌ಗಳು ಬಂದುಹೋಗುವ ಅಂಗಡಿಯ ಗಣಕಕ್ಕೆ, ಬೇರೆಲ್ಲೂ ಪ್ರತಿಯಿಲ್ಲದ ಬರಹವನ್ನು ಒಯ್ಯಬಾರದು. ಮೂಲವನ್ನು ಮನೆಯಲ್ಲಿಟ್ಟು ಮುದ್ರಿಸಬೇಕಾದ ಪ್ರತಿಯನ್ನಷ್ಟೇ ಒಯ್ಯಬೇಕು.

ಬೀಳ್ಕೊಡುವ ರೀತಿ

ಬರಮಾಡಿಕೊಳ್ಳುವುದಕ್ಕೆ ಇರುವಂತೆ ಬೀಳ್ಕೊಡುವುದಕ್ಕೂ ಒಂದು ರೀತಿಯುಂಟು. ಗಣಕವು ಬರೆಯಬೇಕಾದುದನ್ನೆಲ್ಲ ಆಗಿಂದಾಗ್ಗೆ ಪೆನ್ ಡ್ರೈವ್‌ಗೆ ಬರೆದು ಮುಗಿಸುತ್ತದೆಂದು ಹೇಳುವಂತಿಲ್ಲ. ಅನೇಕ ವೇಳೆ ಒಂದಷ್ಟನ್ನು ತನ್ನ ನೆನಪಿನಲ್ಲಿ ಹಿಡಿದಿಟ್ಟುಕೊಂಡು, ಬಿಡುವಾದಾಗ ಒಟ್ಟಿಗೆ ಬರೆಯುತ್ತದೆ. ಪರದೆಯ ಮೇಲೆ ನಕಲು ಮುಗಿಯಿತೆಂದು ಕಂಡರೂ ಕೊನೆಯ ಕೆಲವು ತುಂಡುಗಳು ಇನ್ನೂ ದಾರಿಯಲ್ಲಿರಬಹುದು. ಆ ಗಳಿಗೆಯಲ್ಲಿ ಸಾಧನವನ್ನು ಕಿತ್ತರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ಕೆಲವೊಮ್ಮೆ ಕಡತಗಳ ಪಟ್ಟಿಯೇ ಕೆಡುತ್ತದೆ. ‘ಹೊರಡುತ್ತೇನೆ’ ಎಂದು ತಿಳಿಸಿದರೆ ಗಣಕವು ಉಳಿದುದನ್ನು ಬರೆದು ಮುಗಿಸಿ, ಕೊಂಬೆಯನ್ನು ವೃಕ್ಷದಿಂದ ಬಿಡಿಸಿ, ಇನ್ನು ತೆಗೆಯಬಹುದೆಂದು ಅಪ್ಪಣೆ ಕೊಡುತ್ತದೆ. ಇದಕ್ಕೆ ತಗಲುವ ಕಾಲ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳು. ಪರೀಕ್ಷೆಯ ಹಿಂದಿನ ದಿನ ಪ್ರಬಂಧವನ್ನು ಕಳೆದುಕೊಂಡವನಿಗೆ ಆ ಸೆಕೆಂಡುಗಳ ಬೆಲೆ ಗೊತ್ತು.

ಓಡುತ್ತಿರುವ ಕೆಲಸವನ್ನು ನಿಲ್ಲಿಸದೆ ಹೊಸಬರಿಗೆ ಎಡೆಮಾಡಿಕೊಡುವುದು, ತಟ್ಟಿದವರಿಗೆ ಬಾಗಿಲು ತೆರೆಯುವುದು, ತಟ್ಟಲಾರದವರನ್ನು ಎಣಿಸಿ ಹುಡುಕುವುದು, ಸರದಿಯನ್ನು ನಂಬದೆ ಮುಖವನ್ನು ನೋಡುವುದು, ಹೋಗುವವರ ಲೆಕ್ಕವನ್ನು ತೀರಿಸಿ ಕಳುಹಿಸುವುದು: ಇವಿಷ್ಟನ್ನೂ ಯಂತ್ರಕ್ಕೆ ಕಲಿಸಲು ಸಾಧ್ಯವಾಯಿತು. ಬಂದವನ ಮಾತು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬ ವಿವೇಕವನ್ನು ಮಾತ್ರ ಅದಕ್ಕೆ ಪೂರ್ತಿಯಾಗಿ ಕಲಿಸಲಾಗಿಲ್ಲ. ಆ ಹೊಣೆ ಇಂದಿಗೂ ಸಾಧನವನ್ನು ಕೈಯಲ್ಲಿ ಹಿಡಿದ ಮನುಷ್ಯನದೇ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಯುಎಸ್‌ಬಿ ನಿಯಮಾವಳಿಯ ಮೊದಲ ಆವೃತ್ತಿ ಯಾವಾಗ ಪ್ರಕಟವಾಯಿತು?
2. ಪೆನ್ ಡ್ರೈವ್‌ನ ಮೂತಿಯಲ್ಲಿ ಅಂಚಿನ ಪಟ್ಟಿಗಳು ಉದ್ದವಾಗಿರುವುದೇಕೆ?
3. ಸಂಗ್ರಹ ಸಾಧನದ ವರ್ಗಸಂಖ್ಯೆ ಯಾವುದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. 32 ಜಿಬಿ ಪೆನ್ ಡ್ರೈವ್ ಪರದೆಯ ಮೇಲೆ 29.8 ಎಂದು ಕಾಣುವುದಕ್ಕೆ ಕಾರಣವೇನು?
2. ಉಗ್ರಾಣದಿಂದ ಒದಗಿದ ಡಿಸ್ಕನ್ನು ಸರ್ವರು ತಾನಾಗಿ ಗುರುತಿಸದಿರುವುದೇಕೆ? ಆಗ ಮೇಲ್ವಿಚಾರಕನು ಏನು ಮಾಡುತ್ತಾನೆ?
3. ಸರದಿಯ ಹೆಸರನ್ನು ನಂಬಿದರೆ ಒದಗಬಹುದಾದ ಅನಾಹುತವೇನು?

ಇ. ಸಂದರ್ಭ ಸಹಿತ ವಿವರಿಸಿರಿ.
1. “ಧಾನ್ಯ ಅಷ್ಟೇ ಇದೆ, ಅಳೆಯುವ ಸೇರು ದೊಡ್ಡದು.”
2. “ನಿಂತ ಜಾಗವನ್ನು ನೋಡಿದರೆ ಸಾಲದು; ಮುಖವನ್ನು ನೋಡಬೇಕು.”

ಈ. ‘ಗುರುತಿಸುವುದು ಬೇರೆ, ನಂಬುವುದು ಬೇರೆ’ ಎಂಬ ಮಾತನ್ನು ದಿನನಿತ್ಯದ ಬಾಳಿನ ಒಂದು ನಿದರ್ಶನದಿಂದ ಒಂದು ಪುಟದಷ್ಟು ವಿಸ್ತರಿಸಿ ಬರೆಯಿರಿ.